ಈಜಿಸಿದ ಇಲಿಗಳು ಮತ್ತು ಅಪ್ಪನ ಹೊರೆ

ನಾನು ಮುಂಬಯಿಯಲ್ಲಿ ಓದುತ್ತಿದ್ದಾಗ ನಮ್ಮ ಪ್ರಾಧ್ಯಾಪಕರು ಇಲಿಗಳನ್ನು ನೀರಿನ ತೊಟ್ಟಿಯಲ್ಲಿ ಈಜಿಸುತ್ತಿದ್ದರು. ಕೆಲವನ್ನು ದಿನಾ ಸ್ವಲ್ಪ ಹೊತ್ತು, ಕೆಲವನ್ನು ದಣಿದು ಮುಳುಗುವ ತನಕ. ಆಮೇಲೆ ಅವುಗಳ ಹೃದಯವನ್ನು ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ದಿನಾ ಈಜಿದವುಗಳ ಸ್ನಾಯುಕೋಶಗಳು ದಪ್ಪಗಾಗಿದ್ದವು. ಮುಳುಗುವಷ್ಟು ದಣಿದವುಗಳಲ್ಲಿ ಅಲ್ಲಲ್ಲಿ ಕೋಶಗಳೇ ಹರಿದು ಸತ್ತಿದ್ದವು. ನಾನು ಎದ್ದು ನಿಂತು ಕೇಳಿದೆ: ಇದು ದುಡಿಮೆಯ ಫಲವೋ, ನೀರಿನ ಭಯದ್ದೋ? ಈಜದೆ ಬರೇ ಹೆದರಿದ ಇಲಿ ಎಲ್ಲಿದೆ? ಅಂಥ ಇಲಿಯನ್ನು ಇಟ್ಟಿಲ್ಲವೆಂದು ಅವರು ಒಪ್ಪಿಕೊಂಡರು. ರಜೆಗೆ ಊರಿಗೆ ಬಂದಾಗ ಈ ಗೆಲುವನ್ನು ಅಪ್ಪನಿಗೆ ವಿವರವಾಗಿ ಹೇಳಿದ್ದೆ.

ಅಪ್ಪ ಅಂಕೋಲೆಯ ಕಡೆಯ ರೈತ. ಕೊಯ್ಲು ಮುಗಿದ ಮೇಲೆ ಮಳೆ ಬೀಳುವ ತನಕ ಕಾರವಾರದ ಬೈತಖೋಲ ಬಂದರಿನಲ್ಲಿ ಬಿಡಾರ ಹೂಡಿ ಹೊರೆ ಹೊರುತ್ತಿದ್ದ. ಹೊರುವವರಿಗೆಲ್ಲ ಅವನೇ ಮುಖ್ಯಸ್ಥ. ಅಲ್ಲಿ ಒಂದು ರೂಢಿ. ಪಡಾವಿಗೆ, ಅಂದರೆ ಸರಕಿನ ದೋಣಿಗೆ, ಮೂಟೆ ತುಂಬುವಾಗ ಮೊದಲ ಮೂಟೆ ಮುಖ್ಯಸ್ಥನ ತಲೆಯ ಮೇಲೆಯೇ ಹೋಗಬೇಕು, ಅದೂ ಅಕ್ಕಿಯದೇ. ಉಳಿದವರು ಕೈ ಹಚ್ಚುವುದು ಆಮೇಲೆ.

ಮರುವರ್ಷ ನಾನು ಬಿಡಾರಕ್ಕೆ ಬಂದಾಗ ಅಪ್ಪನ ಕಾಲು ಬಾತಿತ್ತು, ನಾಲ್ಕು ಮಾತಿಗೇ ಏದುಸಿರು. ಹೃದಯ ಹಿಗ್ಗಿದೆ, ಇನ್ನು ಹೊರೆ ಹೊತ್ತರೆ ಜೀವಕ್ಕೇ ಅಪಾಯ ಎಂದು ಡಾಕ್ಟರರು ಹೇಳಿದ್ದರಂತೆ. ಆದರೂ ಅಪ್ಪ ಹೊರುವುದನ್ನು ಬಿಟ್ಟಿರಲಿಲ್ಲ. ನಾನು ವಾದಕ್ಕೆ ಇಳಿದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಅದರ ಪಾಲನ್ನೂ ಉಳಿದವೇ ಎಳೆಯಬೇಕು, ಕೊನೆಗೆ ಅವೂ ಸೋಲುತ್ತವೆ ಎಂದೆ.

"ಹೋದ ವರ್ಷ ನೀನೇ ಹೇಳಿದ್ಯಲ್ಲೋ ತಮಾ, ಇಲಿ ಸತ್ತದ್ದು ಹೆದರ್ಕೆಗೋ ಕೆಲ್ಸಕ್ಕೋ ಗೊತ್ತಿಲ್ಲ ಹೇಳಿ," ಎಂದ ಅಪ್ಪ, ಎಲೆಗೆ ಸುಣ್ಣ ಹಚ್ಚುತ್ತ. "ಅದ್ನ ಯಾರೋ ನೀರಿಗೆ ಹಾಕದ್ರು. ನಾ ನಾನಾಗೇ ಹೋಗ್ತೆ. ನಂಗೆಂತ ಹೆದರ್ಕೆ?"

ಚರ್ಚಾಕೂಟದಲ್ಲಾಗಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ನನ್ನ ಪ್ರಶ್ನೆ ಈಗಲೂ ಸರಿಯೇ. ಆದರೆ ಉತ್ತರ ಸಿಗುವ ತನಕ ಅಪ್ಪನ ಹೃದಯ ಕಾಯುತ್ತದೆಂದು ಯಾರು ಹೇಳಿದರು?

ಅಪ್ಪನ ಜೊತೆಯವರನ್ನು ಕಂಡು ಡಾಕ್ಟರರ ಮಾತು ತಿಳಿಸಿದೆ. ಅವರು ತಮ್ಮತಮ್ಮಲ್ಲೇ ಯೋಚಿಸಿ, ಮರುದಿನ ಅಕ್ಕಿಯ ಮೂಟೆಗಳ ಮುಂದೆ ಒಣಮೆಣಸಿನ ಚೀಲವೊಂದನ್ನು ಇಟ್ಟರು. ಗಾತ್ರ ಅಷ್ಟೇ, ಭಾರ ಅರ್ಧವೂ ಇಲ್ಲ. ಅಪ್ಪನ ತಲೆಗೆ ಅದನ್ನೇ ಏರಿಸಿದರು. ಯಾರೂ ಅವನ ಮುಖ ನೋಡಲಿಲ್ಲ. ಮೆಣಸಿನ ಘಾಟು ಮುಚ್ಚಿಡಲು ಬರುವುದಿಲ್ಲವೆಂದು ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಅಪ್ಪ ಹಲಗೆ ದಾಟಿ ಚೀಲವನ್ನು ಪಡಾವಿನಲ್ಲಿ ಇಳಿಸಿದ. ತಿರುಗಿ ಬಂದು, ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದು, ಸೀನುತ್ತ ನಿಂತಿದ್ದವನೊಬ್ಬನ ಕೈಗೆ ಕೊಟ್ಟ.

"ನೀವು ನಂಗೆ ತೂಗಿ ಕೊಡೂಕೆ ಸುರು ಮಾಡದ್ರಿ. ಇನ್ನು ಇದು ನಂದಲ್ಲ. ತಗೋ, ಅಕ್ಕಿ ಎತ್ತು."

ನನ್ನತ್ತ ಅವನು ನೋಡಲಿಲ್ಲ. ಊರಿಗೆ ಮರಳಲು ಅಂಕೋಲೆಯ ಮೋಟಾರು ನಿಲ್ಲುವಲ್ಲಿಯ ತನಕ ನಾವಿಬ್ಬರೂ, ಅವನ ಉಸಿರಿಗಾಗಿ ಅಲ್ಲಲ್ಲಿ ನಿಂತು, ನಡೆದೆವು.