ಸ್ಫೂರ್ತಿ ಎಂದರೆ ಅದುರುವುದು

ಸ್ಫೂರ್ತಿ ಎಂಬ ಪದದ ಬೇರು ‘ಸ್ಫುರ್’ ಎಂದು ಎಂ.ಎ. ಓದುವಾಗ ಕಲಿತಿದ್ದೆ. ಅದುರು, ಮಿಡಿ, ಥಟ್ಟನೆ ಹೊಳೆ ಎಂದು ಅರ್ಥ. ಕಣ್ಣಿನ ರೆಪ್ಪೆ ತಾನಾಗಿ ಅದುರುವುದಕ್ಕೂ ಸ್ಫುರಣವೆಂದೇ ಹೆಸರು. ಹಾಡು ಕಟ್ಟುವವರ ಮನಸ್ಸಿಗೂ ರೆಪ್ಪೆಗೂ ಒಂದೇ ಬೇರು ಎಂದು ತಿಳಿದ ದಿನ ನನಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಆವೇಶ ಎಂಬ ಪದದ ಹುಟ್ಟು ಬೇರೆ: ಅದು ಹೊರಗಿನಿಂದ ಒಳಹೊಗುವಂಥದು. ಹಾಗಾದರೆ ಹಾಡು ಒಳಗೇ ಅದುರುತ್ತದೋ, ಹೊರಗಿನಿಂದ ಬರುತ್ತದೋ? ಸೋಬಾನೆ ಹೇಳುವ ನಮ್ಮ ದೊಡ್ಡಮ್ಮನನ್ನೇ ಕೇಳೋಣವೆಂದು ಕಳೆದ ವರ್ಷ ರಾವಂದೂರಿನ ಹತ್ತಿರದ ಅವರ ಊರಿಗೆ ಹೋದೆ.

ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಅವರ ಎರಡು ಬ್ಯಾರನ್ ಮನೆಗಳಲ್ಲಿ ಒಂದಕ್ಕೆ ಉರಿ ಹಾಕಿ ಆಗಲೇ ಕೆಲವು ದಿನವಾಗಿತ್ತು. ಇನ್ನೊಂದಕ್ಕೆ ತುಂಬಲು ದೊಡ್ಡಮ್ಮ ಮತ್ತು ಎಂಟು ಹೆಂಗಸರು ಚಪ್ಪರದಡಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಹಾಡುತ್ತಿದ್ದರು. ದೊಡ್ಡಮ್ಮ ಒಂದು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕು. ಅರ್ಥ ಯೋಚಿಸಲು ಯಾರಿಗೂ ಪುರಸೊತ್ತಿಲ್ಲ. ಕೈ ಎಲೆಯ ಮೇಲೆ, ಕಿವಿ ಸೊಲ್ಲಿನ ಮೇಲೆ.

“ಪದ ಎಲ್ಲಿಂದ ಬತ್ತದೆ ದೊಡ್ಡವ್ವ?” ಎಂದೆ.

“ಅಷ್ಟು ವರ್ಸ ಓದಿ ಅದ ನನ್ ಕೇಳೀಯಲ್ಲ,” ಎಂದರು. ಹೆಂಗಸರು ನಕ್ಕರು. “ಎಂಗೋ ಬತ್ತದೆ ಕಣ್ ಮಗ. ಬರ್ನಿಲ್ಲ ಅಂದ್ರೆ ಅಳೇದ್ನೇ ಏಳದು.”

ನಾನು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಉರಿಯುತ್ತಿದ್ದ ಬ್ಯಾರನ್ನಿನಲ್ಲಿ ಎಲೆಯ ದಂಟು ಒಣಗಿದೆಯೇ ನೋಡಲು ದೊಡ್ಡಪ್ಪ ಒಳಹೊಕ್ಕು, ಕಾವು ಹೋಗದಂತೆ ಬಾಗಿಲೆಳೆದುಕೊಂಡರು. ಮೇಲಿನ ಸಾಲಿನವರೆಗೂ ಹತ್ತಿ ಮುಟ್ಟಿ ನೋಡುವುದು ಅವರ ಅಭ್ಯಾಸ. ಹೊರಗೋಡೆಯ ಒಲೆಗೂ ಆ ಬಾಗಿಲಿಗೂ ನಡುವೆ ಸೌದೆ ಒಟ್ಟಿತ್ತು.

ನಾನು ಒಲೆಗೆ ಬೆನ್ನು ಹಾಕಿ ಕೂತಿದ್ದೆ. ಹಾಡಿನ ಗತಿ ಕೆಡಲಿಲ್ಲ, ದೊಡ್ಡಮ್ಮನ ದನಿ ಮಾತ್ರ ಒಮ್ಮೆಲೇ ಮೇಲೇರಿತು:

“ಒಲೆಯ ಬೆಂಕಿ ಸೌದೇಗತ್ಕೊಂಡದೆ, ಒಳಗಿರೋ ರಾಯ ಈಚೆ ಬಾರೋ.”

ಎಂಟು ಹೆಂಗಸರು ತಲೆಯೆತ್ತದೆ ಅದನ್ನೇ ತಿರುಗಿ ಹೇಳಿದರು. ಹೊಸ ಸೊಲ್ಲು, ನನ್ನ ಕಣ್ಣೆದುರೇ ಹುಟ್ಟಿದ್ದು! ‘ಆಹಾ’ ಎಂದು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. ದೊಡ್ಡಮ್ಮ ಎದ್ದು ಓಡುತ್ತಲೇ ಎರಡನೇ ಸಲ ಎತ್ತಿದರು. ಹೆಂಗಸರು ಎರಡನೇ ಸಲವೂ ಹೇಳಿದರು. ನಾನು ತಿರುಗಿದೆ. ಒಲೆಯಿಂದ ಉರುಳಿದ ಕೊಳ್ಳಿ ಸೌದೆಗೆ ತಗುಲಿ, ಉರಿ ಬಾಗಿಲ ಹಲಗೆಯನ್ನು ನೆಕ್ಕುತ್ತಿತ್ತು.

ಬಾಗಿಲು ದಢಾರನೆ ತೆರೆಯಿತು. ದೊಡ್ಡಪ್ಪ ಟವೆಲನ್ನು ಮುಖಕ್ಕೊತ್ತಿಕೊಂಡು ಉರಿ ದಾಟಿ ಹಾರಿದರು. ಡ್ರಮ್ಮಿನ ನೀರು, ಮಣ್ಣು, ಹಸಿ ಗೋಣಿಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದೆವು. ಉರಿ ಆರಿತು. ಅವರ ಹುಬ್ಬು ಸುಟ್ಟಿತ್ತು, ಮೊಣಕೈ ಬೊಬ್ಬೆಯೆದ್ದಿತ್ತು. ಉಳಿದಂತೆ ಇಡಿಯಾಗಿದ್ದರು.

ಇಟ್ಟಿಗೆಯ ದಪ್ಪ ಗೋಡೆ. ಒಬ್ಬರು ಕೂಗಿದ್ದರೆ ಒಳಗೆ ಕೇಳುತ್ತಿತ್ತೋ ಇಲ್ಲವೋ. ಒಂಬತ್ತು ಗಂಟಲು ಕೇಳಿಸಿತು.

“ಕಿರುಚ್ಕೊಳ್ದೆ ಪದ ಯಾಕೆ ಆಡ್ದೆ ದೊಡ್ಡವ್ವ?”

ಅವರು ಚಪ್ಪರದ ಕಂಬ ಹಿಡಿದು ನಿಂತಿದ್ದರು. ಕೆಳತುಟಿ ಅದುರುತ್ತಿತ್ತು. “ನಂಗೇನ್ ಗೊತ್ಲಾ. ಬಾಯ್ಗೆ ಅದೇ ಬಂತು.”

ದೊಡ್ಡಪ್ಪ ಮೊಣಕೈಗೆ ನೀರು ಹುಯ್ದುಕೊಳ್ಳುತ್ತಾ ಹೆಂಗಸರ ಕಡೆ ತಿರುಗಿದರು. “ಇವ್ಳು ಇಷ್ಟು ವರ್ಸ ಒಂದ್ ದಪನೂ ನನ್ನ ರಾಯ ಅಂದಿರ್ನಿಲ್ಲ ಕಣ್ರವ್ವ. ಬೆಂಕಿ ಬೀಳ್ಬೇಕಾಯ್ತು.”

“ಸುಮ್ಕಿರಿ, ಸೊಲ್ಲು ಕೂಡ್ಲಿ ಅಂತ ಅಂದೆ,” ಎಂದರು ದೊಡ್ಡಮ್ಮ. ಆಮೇಲೆ ಕೂತು ಅತ್ತರು.

ಆ ರೆಕಾರ್ಡಿಂಗ್ ನನ್ನ ಬಳಿ ಇದೆ. ಮತ್ತೆ ಮತ್ತೆ ಕೇಳುತ್ತೇನೆ. ಅದೆಂಥ ಸೊಲ್ಲು, ಅದೆಂಥ ವೇಗ! ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಅದರ ಹಿಂದೆಯೇ ನನ್ನ ‘ಆಹಾ’ ಬರುತ್ತದೆ. ಆಗಿನ್ನೂ ಬಾಗಿಲು ತೆರೆದಿರಲಿಲ್ಲ.