ಕೆರೆಮಣ್ಣಿನ ಗೋಡೆ

ಗೋಡೆ ಬಿರಿದದ್ದು ದೃಷ್ಟಿ ತಗುಲಿ ಅಲ್ಲ, ನಮ್ಮ ಮಾವನವರ ಹಟದಿಂದ. ಊರಿನವರು ಇವತ್ತಿಗೂ ದೃಷ್ಟಿ ಎಂದೇ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಕಪ್ಪು ಮಣ್ಣನ್ನು ಬುಕ್ಕಾಂಬುಧಿ ಕೆರೆಯಿಂದ ಗಾಡಿಯಲ್ಲಿ ತಂದು ಸುರಿದದ್ದನ್ನು ನಾನು ಕಣ್ಣಾರೆ ನೋಡಿದವಳು.

ಆಗ ನಾನು ಐದು ತಿಂಗಳ ಬಸುರಿ. ತವರಿನಲ್ಲಿ ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಹಳೆಯ ಮನೆಯಲ್ಲಿ ಓರಗಿತ್ತಿಯರ ನಡುವೆ ಕಾಲು ಚಾಚಲೂ ಜಾಗವಿಲ್ಲ. ಹಿತ್ತಿಲಿನಲ್ಲಿ ನಮಗೊಂದು ಎರಡಂಕಣದ ಮನೆ ಎದ್ದರೆ ಬಾಣಂತನ ಅಲ್ಲೇ ಎಂದು ಮಾತಾಗಿತ್ತು.

ಗೋಡೆ ಕಟ್ಟಲು ತರೀಕೆರೆಯಿಂದ ಸಾಬರೊಬ್ಬರು ಬಂದರು. ಅಮಲ್ದಾರರ ಮನೆಯ ಕಾಂಪೌಂಡೂ ಅವರ ಕೈಯದೇ. ಎರಡು ಹಲಗೆ ನಿಲ್ಲಿಸಿ, ನಡುವೆ ಗೇಣು ಮಣ್ಣು ಹಾಕಿ, ದಿಮ್ಮಸಿನಿಂದ ಕಲ್ಲಾಗುವ ತನಕ ಗುದ್ದಿ, ಮೇಲೆ ಮತ್ತೆ ಮಣ್ಣು ಹಾಕುವುದು ಅವರ ಕ್ರಮ. ಗಾಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಕೆಳಗೆ ಹಾಕಿದರು.

"ಇದು ಬ್ಯಾಡ ಗೌಡ್ರೇ. ಒಣಗಿದ್ರೆ ಬಾಯ್ ಬಿಡ್ತದೆ. ಆ ದಿಬ್ಬದ ಕೆಂಪ್ ಗರಸು ಮಣ್ ತರ್ಸಿ."

ಮಾವ ನಕ್ಕರು. "ನಮ್ ತೆಂಗಿನ್ ತೋಟನೆಲ್ಲಾ ಸಾಕಿರೋ ಮಣ್ಣು ಕಣಯ್ಯಾ ಇದು. ನಾಕ್ ಗೋಡೆ ಸಾಕಕ್ಕಾಗಲ್ವಾ?"

"ಗೋಡೇಲಿ ಎಳ್ನೀರ್ ಕೀಳ್ತೀರಾ ಗೌಡ್ರೇ?" ಎಂದವರೇ ಸಾಬರು ದಿಮ್ಮಸು ಹೆಗಲಿಗೇರಿಸಿ ಹೊರಟೇಹೋದರು.

ಮಾವನೇ ಮೇಸ್ತ್ರಿಯಾದರು. ಗುದ್ದಿದ್ದು ನನ್ನ ಗಂಡ. ಅಪ್ಪನ ಮುಂದೆ ಆ ಮನುಷ್ಯನ ತೋಳು ಆಡುತ್ತಿತ್ತೇ ಹೊರತು ನಾಲಿಗೆ ಆಡುತ್ತಿರಲಿಲ್ಲ. ಗೋಡೆ ಆಳೆತ್ತರ ಎದ್ದಿತು. ಹದಿನೈದು ದಿನದ ಬಿಸಿಲಿಗೆ ಮೇಲಿನಿಂದ ಬುಡದ ತನಕ ಬಿರಿಯಿತು. ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಹೋಯಿತು.

ದೊಡ್ಡ ಓರಗಿತ್ತಿ ಅದರಲ್ಲೇ ಇಣುಕಿ, "ಕಿಟಕಿ ಇಡೋ ಕೆಲ್ಸ ಉಳೀತು ಬಿಡೇ," ಎಂದಳು.

ಮಾವ ಮಾಡಿದ್ದೇನು? ಗೋಡೆಗೆ ಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು, ಗೋಡೆ ಮಾತ್ರ ಬಾಯಿ ಮುಚ್ಚಲಿಲ್ಲ.

"ಸಗಣಿ ಮೆತ್ತಿ ಸುಣ್ಣ ಬಳೀರಿ. ನಾಳಿದ್ದು ತೊಲೆ ಏರ್ಸಾಣ," ಎಂದರು.

"ಮಾವ, ಕೂಸು ಕಟ್ಕೊಂಡು ಅದ್ರಡೀಲಿ ಮಲ್ಗೋಳು ನಾನು," ಎಂದೆ.

"ಗೋಡೆ ವಿಚಾರ ನಿಂಗ್ಯಾಕವ್ವಾ? ಒಲೆ ನೋಡ್ಕೋ ಹೋಗು."

ಗಂಡನ ಮುಖ ನೋಡಿದೆ. ಅವರು ಸಗಣಿ ಕಲಸಲು ಎದ್ದರು.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಿಂದ ಹಾರೆ ತಂದು ಬಿರುಕಿಗೆ ಕೊಟ್ಟು ಮೀಟಿದೆ. ಮಾವ ಹಲ್ಲುಜ್ಜಿಕೊಂಡು ಬರುವಷ್ಟರಲ್ಲಿ ಒಂದು ಮಗ್ಗುಲು ಪೂರಾ ನೆಲಕ್ಕೆ ಬಂದಿತ್ತು.