ಎಮ್ಮೆಗೆ ಬಹುವಚನ ತಿಳಿಯುವುದಿಲ್ಲ

ನಮ್ಮ ಮಾವ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಾರೆ. ಎಲ್ಲರನ್ನೂ ಎಂದರೆ ಎಲ್ಲರನ್ನೂ. ಸಾಲಿ ಮಾಸ್ತರಾಗಿದ್ದಾಗ ಒಂದನೇ ಇಯತ್ತೆಯ ಮಕ್ಕಳಿಗೂ ‘ಮಗ್ಗಿ ಹೇಳ್ರಿ’ ಎನ್ನುತ್ತಿದ್ದರಂತೆ. ಕಲಘಟಗಿ ಕಡೆಯವಳಾದ ನಾನು ತಿರ್ಲಾಪುರದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅಡುಗೆಮನೆಯಿಂದ ‘ಸ್ವಲ್ಪ ಹೊರಗ ನಡೀರಿ, ತಪ್ಪು ತಿಳಕೋಬ್ಯಾಡ್ರಿ’ ಎಂಬ ದನಿ ಕೇಳಿಸಿತು. ಯಾರೋ ದೊಡ್ಡವರು ಬಂದಿರಬೇಕೆಂದು ಸೆರಗು ಸರಿಮಾಡಿಕೊಂಡು ಓಡಿದೆ. ಮಾವ ಹಿಟ್ಟಿನ ಡಬ್ಬಿಯ ಹಿಂದಿದ್ದ ಇಲಿಗೆ ಹೇಳುತ್ತಿದ್ದರು.

ಹೆಂಡತಿಗೂ ‘ರಿ’ಯೇ. ಲಗ್ನವಾದಂದಿನಿಂದ ಅತ್ತೆಯನ್ನು ಅವರು ಒಮ್ಮೆಯೂ ಏಕವಚನದಲ್ಲಿ ಕರೆದದ್ದಿಲ್ಲ. ಮನೆಯ ಸೌಜನ್ಯವನ್ನೆಲ್ಲ ಗಂಡನೇ ಖರ್ಚು ಮಾಡಿಬಿಟ್ಟಿದ್ದರಿಂದ ಅತ್ತೆಯ ಪಾಲಿಗೆ ಬೈಗುಳ ಮಾತ್ರ ಉಳಿದಿತ್ತು. ಅದನ್ನು ಅವರು ಬೆಳಿಗ್ಗೆ, ಸಂಜೆ ಎಮ್ಮೆಯ ಮೇಲೆ ಸುರಿಯುತ್ತಿದ್ದರು. “ತಿಂದ ಹತ್ತಿಕಾಳೆಲ್ಲಾ ಎಲ್ಲಿ ಹೋತ ಬೇ? ಮೈಗಳ್ಳಿ! ಸೆಟದ ನಿಂತಾಳ ನೋಡ, ಗೌಡರ ಮನಿ ಬೀಗತಿಗತೆ. ಬಿಡ ಬೇ ಹಾಲ!” ಓಣಿಯವರು ಇದನ್ನು ಕೇಳಿಯೇ ಹೊತ್ತು ತಿಳಿದು ಚಹಾಕ್ಕೆ ನೀರಿಡುತ್ತಿದ್ದರು.

ಈ ಸಲ ಎಮ್ಮೆಯ ಕರು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ಎಮ್ಮೆ ಮೇವು ಮುಟ್ಟದೆ ನಿಂತಾಗ ಅತ್ತೆ ಅದರ ಕೊರಳು ತಬ್ಬಿ ಅಳುತ್ತ ಬೈದರು. ಆಗ ಹಾಲು ಇಳಿಯಿತು. ಅಲ್ಲಿಂದ ಮುಂದೆ ಆ ಬೈಗುಳ ಕಿವಿಗೆ ಬೀಳದಿದ್ದರೆ ಎಮ್ಮೆ ಒಂದು ತೊಟ್ಟೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಒಂದು ದಿನ ಬೆಳಿಗ್ಗೆ ಹಾಲು ಹಿಂಡಿಟ್ಟು ಹೊರಟೆವು; ಹುಬ್ಬಳ್ಳಿಯ ಡಾಕ್ಟರು ಅದನ್ನು ತೆಗೆದು ಅದೇ ಸಂಜೆ ಕಳಿಸಿದರು. ಕಳಿಸುವಾಗ ಕಟ್ಟುನಿಟ್ಟಾಗಿ ಹೇಳಿದರು: ಗಾಯ ಮಾಯುವ ತನಕ ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ, ಆಡಿದರೆ ದನಿ ಪೂರ್ತಿ ಹೋಗಿಬಿಡಬಹುದು. ಮಾವ ಕೈಮುಗಿದು ‘ಹೌದ್ರಿ’ ಎಂದರು. ಎಮ್ಮೆಯ ನೆನಪು ನಮಗ್ಯಾರಿಗೂ ಆಗಲಿಲ್ಲ. ಅದು ನೆನಪಾದದ್ದು ಮರುದಿನ ಬೆಳಿಗ್ಗೆ, ಖಾಲಿ ಚರಿಗೆ ಹಿಡಿದು ನಿಂತಾಗ.

ಮೊದಲು ನಾನೇ ಹೋದೆ. ಅತ್ತೆಯ ಇಲಕಲ್ ಸೀರೆ ಉಟ್ಟುಕೊಂಡೆ. ಎಮ್ಮೆ ಸೆರಗು ಮೂಸಿತು, ನನ್ನ ಮುಖ ನೋಡಿತು, ಸೀರೆಯ ಅಂಚಿಗೆ ತಾಗುವಂತೆ ಗಂಜಳ ಹೊಯ್ದಿತು. ಬೈಯಲು ನನಗೇನು ಬಾಯಿಲ್ಲವೇ? ಆದರೆ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಜಮಖಾನ ಹಾಸಿಕೊಂಡು ಕೂತಿದ್ದರು. ‘ತಿಂದು ತಿಂದು ಕೂತೀಯಲ್ಲ ಬೇ’ ಎಂದು ನಾನು ಶುರು ಮಾಡಿದೊಡನೆ ಅವರ ಕಣ್ಣು ನನ್ನ ಮೇಲೆ ನೆಟ್ಟಿತು. ಸೊಸೆಯಾದವಳು ಆ ವಾಕ್ಯವನ್ನು ಮುಗಿಸುವುದು ಸಾಧ್ಯವಿಲ್ಲ. ನನ್ನ ಬೈಗುಳ ಅಲ್ಲಿಗೇ ನಿಂತಿತು.

ಮೊಬೈಲಿನಲ್ಲಿ ಅತ್ತೆಯ ದನಿ ಹುಡುಕಿದೆವು. ವಿಡಿಯೋಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಅತ್ತೆ ಸೆರಗು ಹೊದ್ದು, ಜೇನು ಸುರಿಯುವ ದನಿಯಲ್ಲಿ ‘ನಾವೆಲ್ಲಾ ಆರಾಮ ಅದೀವ್ರಿ, ನೀವೂ ಬರ್ರಿ’ ಎನ್ನುತ್ತಿದ್ದರು. ಅದನ್ನೇ ಹಾಕಿದೆವು. ಎಮ್ಮೆ ಗಾಬರಿಯಾಗಿ ಹಗ್ಗ ಜಗ್ಗಿತು. ಅತ್ತೆಗೆ ಏನೋ ಆಗಿದೆ ಎಂದು ಅದಕ್ಕೂ ಅನ್ನಿಸಿರಬೇಕು.

ಮಧ್ಯಾಹ್ನ ಬಂದ ದನದ ಡಾಕ್ಟರು ಕೆಚ್ಚಲು ಒತ್ತಿ ನೋಡಿ ಮುಖ ಗಂಟಿಕ್ಕಿದರು. “ಸಂಜಿ ಒಳಗ ಹಾಲ ತೆಗೀರಿ. ಬಾವು ಬಂತಂದ್ರ ಕೆಚ್ಚಲಾ ಹೋಗ್ತದ.”

ಉಳಿದವರು ಮಾವ. ಅವರು ಧೋತರ ಮೇಲೆ ಕಟ್ಟಿ, ಎಮ್ಮೆಯ ಎದುರು ಕೈಕಟ್ಟಿ ನಿಂತರು. “ಹಾಲ ಬಿಡ್ರಿ ಅವ್ವಾರ. ನಿಮ್ಮ ತ್ರಾಸು ನಮಗ ತಿಳೀತದ್ರಿ.” ಎಮ್ಮೆ ಹಿಂತಿರುಗಿ ನೋಡಿತು, ಬೆನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು.

“ಮಾವಾರ, ‘ರಿ’ ಬಿಡ್ರಿ. ‘ಬೇ’ ಅನ್ರಿ,” ಎಂದೆ.

“ಹೆಂಗಸರಿಗೆ ಹಂಗ ಅನ್ನಬಾರದ್ರಿ.”

“ಅದು ಎಮ್ಮೀರಿ!”

“ಎಮ್ಮಿಯಾರೂ ಹೆಂಗಸರಲ್ಲೇನ್ರಿ?”

ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೆ ಎದ್ದು ಬಂದು ಗಂಡನಿಗೆ ಬೈಯುವುದನ್ನು ಮೂಕವಾಗಿ ಕಲಿಸತೊಡಗಿದರು. ಕಣ್ಣು ದೊಡ್ಡದು ಮಾಡಿದರು, ಕೈ ಝಾಡಿಸಿದರು, ಮಣ್ಣು ತೂರಿ ತೋರಿಸಿದರು. ಮಾವ ವಿಧೇಯ ವಿದ್ಯಾರ್ಥಿಯಾಗಿ ಎಲ್ಲವನ್ನೂ ಮಾಡಿದರು. ಕೊನೆಗೆ ಬೆವರೊರೆಸಿಕೊಂಡು, ಉಸಿರು ಬಿಗಿಹಿಡಿದು ಹೇಳಿದರು: “ಹಾಲ ಬಿಡ ಬೇ...ರಿ!”

ನಾನು ಜೋಳದ ಕಣಿಕೆಯ ಬಣವೆಯ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮರಳಿ ಬಂದಾಗ ನಗುವಂಥದ್ದೇನೂ ಉಳಿದಿರಲಿಲ್ಲ. ಹೊತ್ತು ಇಳಿದಿತ್ತು. ಕೆಚ್ಚಲು ಕಲ್ಲಾಗಿತ್ತು, ಎಮ್ಮೆ ನಿಂತಲ್ಲೇ ಕಾಲು ಬದಲಿಸುತ್ತ ನರಳುತ್ತಿತ್ತು. ಅತ್ತೆ ಗಂಡನ ಕೈಯಿಂದ ಚರಿಗೆ ಕಸಿದುಕೊಂಡು ಎಮ್ಮೆಯ ಬಾಜು ಕುಕ್ಕರಗಾಲಲ್ಲಿ ಕೂತರು. ಕರುವನ್ನೂ ಕಳಕೊಂಡ ಜೀವ ತನ್ನ ಕಣ್ಣೆದುರೇ ಹೀಗೆ ಒದ್ದಾಡುವುದನ್ನು ನೋಡಿ ಅವರಿಗೆ ತಡೆಯದಾಗಿತ್ತು. ಗಂಟಲ ಮೇಲೆ ಕೈಯಿಟ್ಟುಕೊಂಡು ಬಾಯಿ ತೆರೆದರು.

“ಬಾಯಿ ಮುಚ್ಚ ಬೇ!”

ಮಾವನ ದನಿ ಅದು. ಕೊಟ್ಟಿಗೆಯ ತಗಡು ಅದುರಿತು. “ಬುದ್ಧಿ ಐತೇನ ನಿನಗ? ನಿನ್ನ ದನಿ ಹೋದರ ಈ ಮನ್ಯಾಗ ನಾ ಯಾರ ಮಾತ ಕೇಳಿಕೋತ ಬದುಕಲಿ? ಸುಮ್ಮನ ಕುಂದರ ಬೇ!”

ಅತ್ತೆಯ ಬಾಯಿ ಮುಚ್ಚಿತು. ಅದೇ ಹೊತ್ತಿಗೆ ಕೆಚ್ಚಲ ಕೆಳಗಿದ್ದ ಚರಿಗೆಯ ತಳಕ್ಕೆ ಚುರ್ರೆಂದು ಏನೋ ಬಿತ್ತು. ತನಗೇ ಬೈದರೆಂದುಕೊಂಡು ಎಮ್ಮೆ ಹಾಲು ಬಿಟ್ಟಿತ್ತು. ಅತ್ತೆ ಹಿಂಡುತ್ತ ಹೋದರು, ಕಣ್ಣೀರು ಅದರ ಪಾಡಿಗೆ ಅದು ಇಳಿಯುತ್ತಿತ್ತು. ಮಾವ ಅತ್ತೆಗೊಮ್ಮೆ, ಎಮ್ಮೆಗೊಮ್ಮೆ ಕೈಮುಗಿದು ‘ತಪ್ಪಾತ್ರಿ, ತಪ್ಪಾತ್ರಿ’ ಎನ್ನುತ್ತಿದ್ದರು. ಆಮೇಲೂ ಅತ್ತೆ ಮಾತಾಡುವಂತಾಗುವ ತನಕ, ಹಾಲು ಕರೆಯುವ ಹೊತ್ತಿಗೆ ನಾನು ಹಿಂಡಲು ಕೂತರೆ ಮಾವ ಗೋಡೆಯ ಕಡೆ ಮುಖ ಮಾಡಿ ಅವೇ ಮಾತುಗಳನ್ನು ಪಾಠದಂತೆ ಒಪ್ಪಿಸುತ್ತಿದ್ದರು.

ಹುಬ್ಬಳ್ಳಿಯ ಡಾಕ್ಟರು ‘ಇನ್ನ ಮಾತಾಡ್ರಿ’ ಎಂದ ದಿನ ಅತ್ತೆ ಆಸ್ಪತ್ರೆಯಲ್ಲಿ ಬಾಯಿ ಬಿಡಲಿಲ್ಲ, ಬಸ್ಸಿನಲ್ಲೂ ಬಿಡಲಿಲ್ಲ. ದನಿ ಹೋಗೇಬಿಟ್ಟಿದೆ ಎಂದು ಮಾವ ಬಿಳಿಚಿಕೊಂಡರು. ಮನೆಗೆ ಬಂದವರೇ ಅತ್ತೆ ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿದರು. ಮಾವ ಹಿಂದೆಯೇ ಹೋಗಿ ನಿಂತರು. ಆಗ ಅತ್ತೆ ತಿರುಗಿ, ಸ್ವಲ್ಪ ಒಡಕಲಾದ ದನಿಯಲ್ಲಿ ಹೇಳಿದರು: “ಅವತ್ತ ನನಗ ಅಂದ್ರಲ್ಲಾ, ಇನ್ನೊಮ್ಮೆ ಅನ್ರಿ.”

“ಏನಂತ್ರಿ?”

“ಬೇ ಅಂತ.”

ಮಾವನ ಕಿವಿ ಕೆಂಪಾಯಿತು. ಎಮ್ಮೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು: “ಇಲ್ಲಿ ಬ್ಯಾಡ್ರಿ. ಅವರು ಕೇಳಿಸಿಕೊಂಡ್ರ ಹಾಲ ಬಿಟ್ಟುಬಿಡ್ತಾರ.”